ಹಾಡು ಹಚ್ಚೋಕೆ ನನ್ನ ಫೋನೇ ಯಾಕೆ ಬೇಕು?

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಆಫೀಸು, ರಿಲೀಸು, ಅದೂ ಇದೂ ಅಂತ ನೆಪ ಹೇಳಬಹುದು. ನಿಜ ಹೇಳಬೇಕೆಂದರೆ ಸೋಮಾರಿತನ :-) ಈ ಸಲ ಕೂತು ಬರೆಯುವಂತೆ ಮಾಡಿದ್ದು ಗೆಳೆಯನೊಬ್ಬನ ಮೆಸೇಜು. "ಮನೇಲಿ ಹಳೇ ಸ್ಟೀರಿಯೋ ಇದೆ, ಸ್ಪೀಕರ್ ಇನ್ನೂ ಗಟ್ಟಿಯಾಗಿವೆ. ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ಇರೋ ಹಾಡನ್ನ ಅದರಲ್ಲಿ ಕೇಳಬೇಕು. ಯಾವ ಡಬ್ಬಿ ತಗೊಳ್ಳಲಿ? ನೀನು ಇಂಜಿನಿಯರ್ ಅಲ್ವಾ, ಒಂದು ಹೆಸರು ಹೇಳು ಸಾಕು."

ಒಂದು ಹೆಸರು ಹೇಳಿ ಮುಗಿಸಬಹುದಿತ್ತು. ಮೂರು ವರ್ಷದ ಹಿಂದೆ ಆಗಿದ್ದರೆ ಹಾಗೇ ಮಾಡುತ್ತಿದ್ದೆ. ಈಗ ಆಗೋದಿಲ್ಲ. ಯಾಕೆ ಅನ್ನೋದಕ್ಕೆ ನಮ್ಮ ಮನೆ ಕತೆ ಹೇಳಬೇಕು. ಉದ್ದ ಆಗುತ್ತೆ, ಚಹಾ ಮಾಡಿಕೊಂಡು ಬನ್ನಿ.

ನಮ್ಮೂರು ಕಾಕತಿ. ಬೆಳಗಾವಿಯಿಂದ ಕೊಲ್ಹಾಪುರದ ಕಡೆ ಹೊರಟರೆ ಹೈವೇ ಬದಿಗೇ ಸಿಗುತ್ತೆ. ಕಿತ್ತೂರು ರಾಣಿ ಚೆನ್ನಮ್ಮ ಹುಟ್ಟಿದ ಊರು ಅಂದರೆ ಎಲ್ಲರಿಗೂ ಗೊತ್ತಾಗುತ್ತೆ. ಸಂಗೀತದ ಹುಚ್ಚು ಇರೋರಿಗೆ ಇನ್ನೊಂದು ಗುರುತು: ಕುಮಾರ ಗಂಧರ್ವರು 1924 ರಲ್ಲಿ ಹುಟ್ಟಿದ ಸುಳೇಭಾವಿ ಇಲ್ಲಿಂದ ದೂರವೇನಲ್ಲ. ನಮ್ಮಪ್ಪನಿಗೆ ಆ ಹುಚ್ಚು ಇದೆ. ಹಾಡೋಕೆ ಬರಲ್ಲ, ಬಾರಿಸೋಕೆ ಬರಲ್ಲ, ಕೇಳೋಕೆ ಮಾತ್ರ ಚೆನ್ನಾಗಿ ಬರುತ್ತೆ. ಮನೆಯ ಸ್ಟೀರಿಯೋ 1995 ರಲ್ಲಿ ತಂದದ್ದು, ನನಗಿಂತ ಎರಡು ವರ್ಷ ದೊಡ್ಡದು. ಅದರ ಮೇಲೆ ಕ್ಯಾಸೆಟ್ ಡೆಕ್ಕು, ಪಕ್ಕದ ಗೋಡೆಗೂಡಿನಲ್ಲಿ 120 ಕ್ಯಾಸೆಟ್ಟು. ಪ್ರತಿ ಕ್ಯಾಸೆಟ್ಟಿನ ಬೆನ್ನಿಗೂ ಅಪ್ಪನ ಕೈಬರಹದ ಒಂದು ನಂಬರು. ಆ ನಂಬರಿನಲ್ಲಿ ಏನಿದೆ ಅನ್ನೋದು ಒಂದು ಹಳೇ ಲಾಂಗ್ ನೋಟ್‌ಬುಕ್ಕಿನಲ್ಲಿ. ಯಾರು, ಯಾವ ರಾಗ, ಯಾವ ದಿನ ರೇಡಿಯೋದಲ್ಲಿ ಬಂತು, ತಬಲಾ ಯಾರು, ಎಲ್ಲ.

ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ಟು ಅರ್ಧ ಇರಬಹುದು. ಉಳಿದವು ಆಕಾಶವಾಣಿಯಿಂದ ಇಳಿಸಿಕೊಂಡವು. ಧಾರವಾಡ ಕೇಂದ್ರದ ಕಾರ್ಯಕ್ರಮಗಳು, 1952 ರಿಂದ ಬರುತ್ತಿದ್ದ ಶನಿವಾರ ರಾತ್ರಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ, ಇಂಥವು. ತೀರಾ ಹಳೆಯವನ್ನು ರೇಡಿಯೋ ಮುಂದೆ ರೆಕಾರ್ಡರಿನ ಮೈಕು ಇಟ್ಟು ಹಿಡಿದದ್ದು. ಹಾಗಾಗಿ ಒಂದು ಕ್ಯಾಸೆಟ್ಟಿನಲ್ಲಿ ಮಲ್ಲಿಕಾರ್ಜುನ ಮನ್ಸೂರರ ತಾನಿನ ನಡುವೆ ನಮ್ಮ ಅಡುಗೆಮನೆಯ ಕುಕ್ಕರ್ ಎರಡು ಸಲ ಸೀಟಿ ಹೊಡೆಯುತ್ತೆ. ಆಮೇಲೆ ಅವ್ವ "ಊಟಕ್ಕ ಬರ್ರೀ, ಆರಿ ಹೋಗತೈತಿ" ಅಂತ ಕೂಗೋದು ಸ್ಪಷ್ಟವಾಗಿ ಕೇಳುತ್ತೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

2022 ರ ಏಪ್ರಿಲ್‌ನಲ್ಲಿ ಡೆಕ್ಕು ನಿಂತಿತು. ನಾನಾಗ ವರ್ಕ್ ಫ್ರಂ ಹೋಮ್ ಅಂತ ಊರಲ್ಲೇ ಇದ್ದೆ. ಇಂಜಿನಿಯರ್ ಮಗ ಸುಮ್ಮನಿರುತ್ತಾನಾ? ಎರಡೇ ದಿನದಲ್ಲಿ ಒಂದು ಬ್ಲೂಟೂತ್ ರಿಸೀವರ್ ತರಿಸಿದೆ. ಬೆಂಕಿಪೊಟ್ಟಣದಷ್ಟು ದೊಡ್ಡದು, ಸಾವಿರ ರೂಪಾಯಿ ಆಸುಪಾಸು. ಸ್ಟೀರಿಯೋ ಹಿಂದೆ ಕೆಂಪು ಬಿಳಿ ಪಿನ್ನು ಚುಚ್ಚಿದೆ, ನನ್ನ ಫೋನು ಜೋಡಿಸಿದೆ, ಯಮನ್ ಹಚ್ಚಿದೆ. ಅಪ್ಪ ಬೆರಗಾದರು. "ಕ್ಯಾಸೆಟ್ಟಿಗಿಂತ ಸ್ವಚ್ಛ ಐತಲೋ ತಮ್ಮಾ" ಅಂದರು. ನನಗೆ ಒಂದಿಂಚು ಎತ್ತರ ಬೆಳೆದಷ್ಟು ಖುಷಿ.

2023 ರ ಜನವರಿಯಲ್ಲಿ ಆಫೀಸಿನವರು ಬೆಂಗಳೂರಿಗೆ ವಾಪಸ್ ಕರೆದರು. ಹೋದೆ. ದಿನಾ ಫೋನ್ ಮಾಡುತ್ತಿದ್ದೆ, ಎಲ್ಲ ಆರಾಮ ಅನ್ನುತ್ತಿದ್ದರು. ದೀಪಾವಳಿಗೆ ಬಂದಾಗ ಒಂದು ಸಂಜೆ ಸ್ಟೀರಿಯೋ ಮೇಲೆ ಕೈ ಇಟ್ಟೆ, ಬೆರಳಿಗೆ ಧೂಳು ಹತ್ತಿತು.

"ಅಪ್ಪಾ, ಹಾಡು ಹಚ್ಚೂದಿಲ್ಲೇನ್ರಿ?"

"ನಿನ್ನ ಫೋನು ನೀ ಒಯ್ದಿಯಲ್ಲೋ."

ಸಿಟ್ಟಿನಿಂದ ಹೇಳಿದ್ದಲ್ಲ. ಮಳೆ ಬಂದಿಲ್ಲ ಅನ್ನೋ ಹಾಗೆ ಹೇಳಿದರು. ಹತ್ತು ತಿಂಗಳು ಮನೆಯಲ್ಲಿ ಸಂಗೀತ ಇರಲಿಲ್ಲ. ಅವರ ಹತ್ತಿರ ಸ್ಮಾರ್ಟ್‌ಫೋನು ಇಲ್ಲವೇ? ಇದೆ. ನಾನೇ ಕೊಡಿಸಿದ್ದು. ಅದರಲ್ಲಿ ಜೋಡಿಸೋದು ಹೇಗೆ ಅಂತ ತೋರಿಸಿಯೂ ಹೋಗಿದ್ದೆ. ಸೆಟ್ಟಿಂಗ್ಸ್‌ಗೆ ಹೋಗಿ, ಬ್ಲೂಟೂತ್ ಆನ್ ಮಾಡಿ, ಹೆಸರು ಹುಡುಕಿ, ಒತ್ತಿ, ಆಮೇಲೆ ಆ್ಯಪ್ ತೆರೆದು, ಇಂಗ್ಲಿಷಿನಲ್ಲಿ ಟೈಪ್ ಮಾಡಿ ಹುಡುಕಿ... ಅವರು ಮೂರು ಸಲ ಪ್ರಯತ್ನ ಮಾಡಿದರಂತೆ. ಒಂದು ಸಲ ಹತ್ತಿತಂತೆ. ಮಾರ್ವಾ ನಡೀತಿರೋವಾಗ ಯಾರದೋ ಫೋನ್ ಬಂದು ರಿಂಗ್‌ಟೋನು ಸ್ಟೀರಿಯೋದಲ್ಲಿ ಗದ್ದಲ ಮಾಡಿತಂತೆ. ಅವತ್ತಿಗೆ ಬಿಟ್ಟರು.

ನಾನು ಡಬ್ಬಿ ಆರಿಸುವಾಗ ಏನೆಲ್ಲ ನೋಡಿದ್ದೆ? ಯಾವ ಕೋಡೆಕ್ಕು, ಎಷ್ಟು ಕೆಬಿಪಿಎಸ್, ಎಷ್ಟು ಮೀಟರ್ ದೂರ. ನೋಡದೇ ಇದ್ದದ್ದು ಒಂದೇ: ನಾನು ಇಲ್ಲದಾಗ ಈ ಮನೆಯಲ್ಲಿ ಹಾಡು ಶುರು ಮಾಡೋರು ಯಾರು?

ಗೆಳೆಯನಿಗೆ ನಾನು ಹೇಳಬೇಕೆಂದಿರೋದು ಇದೇ. ಸ್ಟೀರಿಯೋಗೆ ಡಬ್ಬಿ ಆರಿಸೋದು ಸೌಂಡ್ ಕ್ವಾಲಿಟಿ ಆರಿಸೋ ಕೆಲಸ ಅಂದುಕೊಂಡಿರುತ್ತೇವೆ. ಮನೆಯಲ್ಲಿ ಹಾಡು ಹಚ್ಚುವ ಹಕ್ಕು ಯಾರ ಕೈಯಲ್ಲಿರಬೇಕು ಅನ್ನೋದನ್ನೂ ಅದರ ಜೊತೆಗೇ ಆರಿಸಿರುತ್ತೇವೆ, ಗೊತ್ತಿಲ್ಲದೇ. ಕ್ಯಾಸೆಟ್ ಡೆಕ್ಕಿಗೆ ಯಜಮಾನ ಇರಲಿಲ್ಲ. ಮನೆಗೆ ಬಂದ ಕಾಕಾ ಕೂಡ ಎದ್ದು ಹೋಗಿ ಒಂದು ಕ್ಯಾಸೆಟ್ ಹಾಕುತ್ತಿದ್ದರು. ನಾನು ತಂದ ಡಬ್ಬಿಗೆ ಯಜಮಾನ ಇದ್ದ. ಅವನು ಬೆಂಗಳೂರಿಗೆ ಹೋದ.

ಇನ್ನು ಮಾರುಕಟ್ಟೆಯಲ್ಲಿರೋ ಬಗೆಗಳನ್ನ ಒಂದೊಂದಾಗಿ ನೋಡೋಣ.

ಬ್ಲೂಟೂತ್. ಅಗ್ಗ, ಸುಲಭ. ಇದರ ಬಗ್ಗೆ ಎಲ್ಲರೂ ಹೇಳೋ ದೂರು ಸೌಂಡಿನದು. ಸಿಡಿಯಲ್ಲಿ ಸೆಕೆಂಡಿಗೆ 1411 ಕಿಲೋಬಿಟ್ ಇರುತ್ತೆ, ಬ್ಲೂಟೂತಿನ ಮಾಮೂಲಿ ಎಸ್‌ಬಿಸಿ ಕೋಡೆಕ್ಕಿನಲ್ಲಿ ಹೆಚ್ಚೆಂದರೆ 328 ರ ಆಸುಪಾಸು. ನಿಜ. ಆದರೆ ನಮ್ಮ ಮನೆಯ ಮೂವತ್ತು ವರ್ಷದ ಸ್ಪೀಕರಿನಲ್ಲಿ, ಹೊರಗೆ ಹೈವೇ ಲಾರಿ ಹಾರ್ನ್ ಹೊಡೆಯುತ್ತಿರೋವಾಗ, ಆ ವ್ಯತ್ಯಾಸ ಗುರುತಿಸ್ತೀನಿ ಅಂತ ನಾನು ಪಂದ್ಯ ಕಟ್ಟೋದಿಲ್ಲ. ನನ್ನ ತಕರಾರು ಬೇರೆ. ಬ್ಲೂಟೂತಿನಲ್ಲಿ ಹಾಡು ಫೋನಿನಿಂದಲೇ ಬರುತ್ತೆ. ಫೋನು ಎದ್ದು ಹೋದರೆ ಹಾಡೂ ಎದ್ದು ಹೋಗುತ್ತೆ. ಫೋನಿಗೆ ಕರೆ ಬಂದರೆ ಭೀಮಸೇನ ಜೋಶಿಯೂ ಕಾಯಬೇಕು.

ವೈಫೈ ಮೇಲೆ ನಡೆಯೋ ಸ್ಟ್ರೀಮರ್‌ಗಳು. ಇವು ಒಂದು ಹೆಜ್ಜೆ ಮೇಲೆ. ಫೋನು ಬರೀ ರಿಮೋಟ್ ಇದ್ದಂತೆ, ಹಾಡನ್ನು ಡಬ್ಬಿಯೇ ನೇರವಾಗಿ ಎಳೆದುಕೊಳ್ಳುತ್ತೆ. ಈಗ ಸಿಗೋ ವೀಮ್ ಥರದ ಡಬ್ಬಿಗಳು ಸೌಂಡಿನಲ್ಲೂ ಒಳ್ಳೆಯವು. ಇದೇ ಜಾತಿಯಲ್ಲಿ ನನಗೆ ಇಷ್ಟವಾಗಿದ್ದದ್ದು ಕ್ರೋಮ್‌ಕಾಸ್ಟ್ ಆಡಿಯೋ. 2015 ರಲ್ಲಿ ಗೂಗಲ್ 35 ಡಾಲರಿಗೆ ಬಿಟ್ಟಿತು, ಹಳೇ ಸ್ಟೀರಿಯೋಗಳಿಗೆ ಅಂತಲೇ ಮಾಡಿದ್ದು. 2019 ರ ಜನವರಿಯಲ್ಲಿ ತಯಾರಿಕೆ ನಿಲ್ಲಿಸಿದರು. ಕೊಂಡವರ ಮನೆಯಲ್ಲಿ ಅದು ಆರಾಮಾಗಿ ಹಾಡಿಕೊಂಡೇ ಇತ್ತು. 2025 ರ ಮಾರ್ಚ್ 9 ರಂದು ಜಗತ್ತಿನಾದ್ಯಂತ ಒಮ್ಮೆಲೇ ಮೂಕಾಯಿತು. ಕಾರಣ? ಡಬ್ಬಿ ಅಸಲಿಯೋ ಅಂತ ಪರೀಕ್ಷೆ ಮಾಡೋಕೆ ಇಟ್ಟಿದ್ದ ಒಂದು ಡಿಜಿಟಲ್ ಸರ್ಟಿಫಿಕೇಟಿನ ಹತ್ತು ವರ್ಷದ ಅವಧಿ ಅವತ್ತು ಮುಗಿದಿತ್ತು. ಸರಿಪಡಿಸೋಕೆ ಶುರು ಮಾಡೋ ಹೊತ್ತಿಗೆ ಕೆಲವು ದಿನ ಹಿಡೀತು. ನಾವು ಸಾಫ್ಟ್‌ವೇರಿನವರಿಗೆ ಇದು ನಗು ಬರಿಸೋ ವಿಷಯ. ಸರ್ಟಿಫಿಕೇಟ್ ರಿನ್ಯೂ ಮಾಡೋದು ಮರೆತು ರಾತ್ರಿ ಎರಡು ಗಂಟೆಗೆ ಎದ್ದು ಕೂತ ಅನುಭವ ನಮ್ಮಲ್ಲಿ ಯಾರಿಗಿಲ್ಲ ಹೇಳಿ! ಆದರೆ ಯೋಚಿಸಿ. ತಂತಿ ಸರಿ ಇದೆ, ಕರೆಂಟು ಇದೆ, ಹಾಡು ಇದೆ, ಡಬ್ಬಿ ಕೆಟ್ಟಿಲ್ಲ. ಎಲ್ಲೋ ದೂರದಲ್ಲಿ ಒಂದು ತಾರೀಖು ದಾಟಿತು, ಮನೆ ಮೂಕಾಯಿತು.

ಇದು ಒಂದು ಕಂಪನಿಯ ಕತೆಯಲ್ಲ. ಆಪಲ್‌ನವರು 2004 ರಲ್ಲಿ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ತಂದರು, ಗೋಡೆಗೆ ಚುಚ್ಚಿ ಸ್ಟೀರಿಯೋಗೆ ವೈರು ಕೊಟ್ಟರೆ ಹಾಡು ಬರುತ್ತಿತ್ತು. 2018 ರಲ್ಲಿ ನಿಲ್ಲಿಸಿದರು. ಸ್ಕ್ವೀಜ್‌ಬಾಕ್ಸ್ ಅನ್ನೋ ಒಳ್ಳೆಯ ಡಬ್ಬಿಯನ್ನ ಲಾಜಿಟೆಕ್ 2006 ರಲ್ಲಿ ಕೊಂಡಿತು, 2012 ರಲ್ಲಿ ನಿಲ್ಲಿಸಿತು, ಅದಕ್ಕಿದ್ದ ಆನ್‌ಲೈನ್ ಸೇವೆಯನ್ನ 2024 ರಲ್ಲಿ ಮುಚ್ಚಿತು. ಆದರೂ ಸ್ಕ್ವೀಜ್‌ಬಾಕ್ಸ್ ಸಾಯಲಿಲ್ಲ! ಯಾಕೆಂದರೆ ಹಾಡು ಕಳಿಸೋ ಸರ್ವರ್ ಸಾಫ್ಟ್‌ವೇರು ಶುರುವಿನಿಂದಲೂ ಓಪನ್ ಸೋರ್ಸ್ ಆಗಿತ್ತು. ಈಗ ಅದನ್ನ ಲಿರಿಯನ್ ಅನ್ನೋ ಹೆಸರಿನಲ್ಲಿ ಬಳಸುವವರೇ ನಡೆಸಿಕೊಂಡು ಹೋಗುತ್ತಿದ್ದಾರೆ. ಮನೆಯ ಕಂಪ್ಯೂಟರಿನಲ್ಲಿ ಹಾಕಿಕೊಂಡರೆ ಹಳೇ ಡಬ್ಬಿ ಇವತ್ತಿಗೂ ಹಾಡುತ್ತೆ. ಒಂದೇ ಕೆಲಸದ ಎರಡು ಡಬ್ಬಿ. ಒಂದಕ್ಕೆ ದೂರದ ಸರ್ವರಿನ ಅಪ್ಪಣೆ ಬೇಕು, ಇನ್ನೊಂದಕ್ಕೆ ಬೇಡ. ಅಂಗಡಿಯಲ್ಲಿ ನಿಂತು ನೋಡಿದರೆ ಈ ವ್ಯತ್ಯಾಸ ಕಾಣೋದೇ ಇಲ್ಲ, ಡಬ್ಬಿ ಮೇಲೂ ಬರೆದಿರೋದಿಲ್ಲ.

ಸ್ಟ್ರೀಮಿಂಗ್ ಸೇವೆಗಳು. ಡಬ್ಬಿ ಗಟ್ಟಿ ಇದ್ದರೆ ಸಾಕಾ, ಅದರೊಳಗೆ ಬರೋ ಹಾಡು? ಗಾನಾ 2022 ರಲ್ಲಿ ಪುಕ್ಕಟೆ ಕೇಳೋದನ್ನ ನಿಲ್ಲಿಸಿತು. ವಿಂಕ್ ಮ್ಯೂಸಿಕ್ ಮುಚ್ಚೋದಾಗಿ 2024 ರಲ್ಲಿ ಏರ್‌ಟೆಲ್ ಹೇಳಿತು. ಅಲ್ಲಿ ವರ್ಷಗಟ್ಟಲೆ ಕೂತು ಪ್ಲೇಲಿಸ್ಟ್ ಮಾಡಿದವರ ಶ್ರಮ? ಅಪ್ಪನ ನೋಟ್‌ಬುಕ್ಕು ಮೂವತ್ತು ವರ್ಷದಿಂದ ಅದೇ ಗೂಡಿನಲ್ಲಿದೆ.

ನಾನು ಸ್ಟ್ರೀಮಿಂಗ್ ವಿರೋಧಿ ಅಲ್ಲ ಮಾರಾಯ್ರೆ. ನಾನೂ ದುಡ್ಡು ಕಟ್ಟಿ ಕೇಳುತ್ತೇನೆ. ಅಪ್ಪ ಹೆಸರಷ್ಟೇ ಕೇಳಿದ್ದ ಎಷ್ಟೋ ಧ್ವನಿಮುದ್ರಿಕೆಗಳು ಅಲ್ಲಿ ಒಂದೇ ನಿಮಿಷದಲ್ಲಿ ಸಿಕ್ಕಿವೆ. 2016 ರಲ್ಲಿ ಆಕಾಶವಾಣಿ ಶುರು ಮಾಡಿದ ರಾಗಂ ವಾಹಿನಿಯನ್ನ ಇಂಟರ್‌ನೆಟ್ಟಿನಲ್ಲಿ ಕೇಳೋದು ನನಗೆ ಇಷ್ಟ. ಆದರೆ ನಮ್ಮ ಸಂಗೀತಕ್ಕೆ ಆ ಆ್ಯಪ್‌ಗಳ ಕಪಾಟು ಹೊಂದೋದಿಲ್ಲ. ಅವು ಮಾಡಿರೋದು ನಾಲ್ಕು ನಿಮಿಷದ ಹಾಡಿಗೆ, ಆಲ್ಬಂ, ಆರ್ಟಿಸ್ಟ್, ಟ್ರ್ಯಾಕ್ ಅಂತ. ಅಪ್ಪ ಹುಡುಕೋದು ರಾಗ ಹಿಡಿದು, ಹೊತ್ತು ಹಿಡಿದು. ಸಂಜೆ ಆರಕ್ಕೆ ಅವರಿಗೆ ಪೂರಿಯಾ ಬೇಕು, ಮಾರ್ವಾ ಬೇಕು. ಬೆಳಗಿನ ಭೈರವ ಮುಗಿದ ತಕ್ಷಣ ಆ್ಯಪು ತಾನಾಗಿ ಇನ್ನೇನೋ ಸಿನಿಮಾ ಹಾಡು ಶುರು ಮಾಡಿದರೆ ಬಾಯಲ್ಲಿ ಮಣ್ಣು ಬಿದ್ದ ಹಾಗೆ ಮುಖ ಮಾಡುತ್ತಾರೆ. ಮತ್ತೆ, ಆ ಶನಿವಾರ ರಾತ್ರಿಯ ಕಚೇರಿಗಳು, ಕುಕ್ಕರ್ ಸೀಟಿ ಇರೋ ಮನ್ಸೂರರ ಕ್ಯಾಸೆಟ್ಟು, ಅವು ಯಾವ ಸೇವೆಯಲ್ಲೂ ಸಿಗೋದಿಲ್ಲ.

ಕನ್ನಡದಲ್ಲಿ ಬರೆಯೋ ನಮಗೆಲ್ಲ ಗೊತ್ತಿರೋ ಇನ್ನೊಂದು ತೊಂದರೆ ಇಲ್ಲೂ ಇದೆ. ಯೂನಿಕೋಡಿನ ಒಂದೊಂದು ಕನ್ನಡ ಸಂಕೇತಕ್ಕೂ ಯುಟಿಎಫ್-8 ರಲ್ಲಿ ಮೂರು ಬೈಟು ಬೇಕು. ಹಳೇ ಎಂಪಿ3 ಟ್ಯಾಗಿನಲ್ಲಿ ಹೆಸರಿಗೆ ಇರೋ ಜಾಗ 30 ಬೈಟು. ಅಲ್ಲಿಗೆ ಹತ್ತು ಸಂಕೇತ. ಮಲ್ಲಿಕಾರ್ಜುನ ಮನ್ಸೂರ ಅಂತ ತುರುಕಿದರೆ "ಮಲ್ಲಿಕಾರ್ಜ" ಅನ್ನೋ ಹೊತ್ತಿಗೆ ಜಾಗ ಖಾಲಿ :-) ಹೊಸ ಟ್ಯಾಗುಗಳಲ್ಲಿ, ಫ್ಲ್ಯಾಕ್ ಫೈಲುಗಳಲ್ಲಿ ಈ ಸಮಸ್ಯೆ ಇಲ್ಲ, ಎಷ್ಟುದ್ದ ಬೇಕಾದರೂ ಬರೆಯಬಹುದು. ಆದರೆ ಡಬ್ಬಿಯ ಪುಟ್ಟ ಪರದೆಯಲ್ಲಿ ಕನ್ನಡ ಫಾಂಟು ಇಲ್ಲದಿದ್ದರೆ ಮತ್ತೆ ಅದೇ ಚೌಕ ಚೌಕ ಡಬ್ಬಿ ಕಾಣುತ್ತೆ. ಆ ಚೌಕಗಳನ್ನ ನೋಡಿ ನೋಡಿ ಸಾಕಾಗಿರೋ ಹಿರಿಯ ಬ್ಲಾಗಿಗರಿಗೆ ನಾನೇನು ಹೇಳಲಿ. ಡಬ್ಬಿ ಕೊಳ್ಳೋ ಮುಂಚೆ ಕನ್ನಡ ಹೆಸರಿನ ಒಂದು ಫೈಲು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಿ, ಅಂಗಡಿಯಲ್ಲೇ ಹಚ್ಚಿ ನೋಡಿ. ನಾಚಿಕೆ ಬೇಡ.

ಸರಿ, ನಮ್ಮ ಮನೆಯಲ್ಲಿ ಕೊನೆಗೆ ಏನಾಯ್ತು?

ಮೊದಲು ಡೆಕ್ಕನ್ನ ಬೆಳಗಾವಿಗೆ ಒಯ್ದೆ. ರಿಪೇರಿ ಮಾಡೋ ಹಿರಿಯರೊಬ್ಬರು ಬಿಚ್ಚಿ ನೋಡಿ ಬೆಲ್ಟು ಬದಲಿಸಿದರು. "ಹೆಡ್ ಸವದೈತ್ರಿ, ಹೊಸಾದು ಸಿಗಂಗಿಲ್ಲ. ಎಷ್ಟ ದಿನಾ ನಡೀತೈತೋ ಹೇಳಾಕ ಬರಂಗಿಲ್ಲ" ಅಂದರು. ಅಂದರೆ ಡೆಕ್ಕಿಗೆ ಸ್ವಲ್ಪ ಆಯುಷ್ಯ ಸಿಕ್ಕಿತ್ತು. ಆ ಆಯುಷ್ಯವನ್ನ ಕ್ಯಾಸೆಟ್ಟು ಕಂಪ್ಯೂಟರಿಗೆ ಇಳಿಸೋಕೆ ಬಳಸೋಣ ಅಂದೆ. ಹಳೇ ಲ್ಯಾಪ್‌ಟಾಪು, ಒಂದು ಯುಎಸ್‌ಬಿ ಸೌಂಡ್ ಕಾರ್ಡು, ಪುಕ್ಕಟೆ ಸಿಗೋ ಅಡಾಸಿಟಿ. ಅಪ್ಪನಿಗೆ ಎರಡು ಕೀ ಮಾತ್ರ ಕಲಿಸಿದೆ. ಆರ್ ಒತ್ತಿದರೆ ರೆಕಾರ್ಡು, ಉದ್ದ ಕೀ ಒತ್ತಿದರೆ ಬಂದ್. ಸಂಜೆಗೆ ಒಂದು ಬದಿ. 120 ಕ್ಯಾಸೆಟ್ಟು ಅಂದರೆ 240 ಬದಿ, 240 ಸಂಜೆ. ಎಂಟು ತಿಂಗಳು ಹಿಡೀತು. ಯಂತ್ರಕ್ಕೆ ಅವಸರ ಇರಲಿಲ್ಲ, ಅಪ್ಪನಿಗೂ ಇರಲಿಲ್ಲ. ಕ್ಯಾಸೆಟ್ಟನ್ನ ಓಡುವ ವೇಗದಲ್ಲೇ ಇಳಿಸಬೇಕಲ್ಲ, ಹಾಗಾಗಿ ಪ್ರತಿ ಸಂಜೆ ಕೂತು ಕೇಳಿದರು. ಡಬ್ಬಿ ತಯಾರಾಗುವ ಮುಂಚೆಯೇ ಮನೆಗೆ ಸಂಗೀತ ವಾಪಸ್ ಬಂದಿತ್ತು.

ಲೆಕ್ಕ ಬೇಕಾದವರಿಗೆ: ಹೆಚ್ಚಿನವು ಒಂದು ಗಂಟೆಯ ಕ್ಯಾಸೆಟ್ಟು, ಒಟ್ಟು ಸುಮಾರು 120 ಗಂಟೆ. ಸಿಡಿ ಗುಣಮಟ್ಟದಲ್ಲಿ ಹಾಗೇ ಇಟ್ಟರೆ ಗಂಟೆಗೆ 635 ಎಂಬಿ. ಏನೂ ಕಳೆಯದೆ ಮಡಚಿಡೋ ಫ್ಲ್ಯಾಕಿನಲ್ಲಿ ನಮಗೆ ಗಂಟೆಗೆ ಸುಮಾರು 350 ಎಂಬಿ ಬಂತು. ಒಟ್ಟು 42 ಜಿಬಿ. ಅಪ್ಪನ ಇಡೀ ಗೋಡೆಗೂಡು ಒಂದು 64 ಜಿಬಿ ಪೆನ್‌ಡ್ರೈವಿನಲ್ಲಿ ಹಿಡಿಸಿ ಮೇಲೆ ಜಾಗ ಉಳಿಯಿತು. ಒಟ್ಟು ಮೂರು ಪ್ರತಿ ಮಾಡಿಟ್ಟಿದ್ದೇನೆ, ಒಂದು ಬೆಂಗಳೂರಿನಲ್ಲಿದೆ.

ಇನ್ನು ಡಬ್ಬಿ. ಕಾಲೇಜು ಪ್ರಾಜೆಕ್ಟಿಗೆ ಕೊಂಡಿದ್ದ ರಾಸ್ಬೆರಿ ಪೈ 3 ಅಟ್ಟದ ಮೇಲಿತ್ತು. ಅದರ ಹೆಡ್‌ಫೋನ್ ತೂತಿನಿಂದ ಬರೋ ಸದ್ದು ಸ್ಟೀರಿಯೋಗೆ ಯೋಗ್ಯವಲ್ಲ, ಹಿಂದೆ ಸುಂಯ್ ಅಂತಿರುತ್ತೆ. ಮೇಲೆ ಕೂರಿಸೋಕೆ ಒಂದು ಡಿಎಸಿ ಬೋರ್ಡು ತರಿಸಿದೆ. ಅಂಕಿಯನ್ನ ಸದ್ದಾಗಿ ಮಾಡೋದು ಅದರ ಕೆಲಸ. ಹಾಡಿಸೋಕೆ ಎಂಪಿಡಿ ಅನ್ನೋ ಓಪನ್ ಸೋರ್ಸ್ ಪ್ರೋಗ್ರಾಂ, 2003 ರಿಂದ ಇರೋದು. ಅದಕ್ಕೆ ಲಾಗಿನ್ ಬೇಡ, ಇಂಟರ್‌ನೆಟ್ಟು ಬೇಡ.

ಮುಂದಿನ ಪ್ರಶ್ನೆ, ಅಪ್ಪ ಅದಕ್ಕೆ ಹೇಳೋದು ಹೇಗೆ? ನಾನು ಟಚ್ ಸ್ಕ್ರೀನ್ ಹಾಕೋಣ, ಆಲ್ಬಂ ಚಿತ್ರ ತೋರಿಸೋಣ, ಕನ್ನಡದಲ್ಲಿ ಮಾತಾಡಿದರೆ ಹಾಡೋ ಹಾಗೆ ಮಾಡೋಣ ಅಂತೆಲ್ಲ ಕಾಗದದ ಮೇಲೆ ಚಿತ್ರ ಬಿಡಿಸುತ್ತಿದ್ದೆ. ಪಕ್ಕದಲ್ಲಿ ಅಪ್ಪ ನೋಟ್‌ಬುಕ್ಕು ತೆರೆದು ಕೂತಿದ್ದರು. "ನಲವತ್ತೇಳು ಹಚ್ಚಬೇಕಿತ್ತು ಇವತ್ತ" ಅಂದರು, ತಮ್ಮಷ್ಟಕ್ಕೆ.

ನಲವತ್ತೇಳು! ಇಂಟರ್‌ಫೇಸು ಆಗಲೇ ಇತ್ತು. ಮೂವತ್ತು ವರ್ಷದಿಂದ ಇತ್ತು. ಲೆಕ್ಕದವರು ಲ್ಯಾಪ್‌ಟಾಪಿಗೆ ಹಾಕಿಕೊಳ್ಳೋ, ಬರೀ ಅಂಕಿ ಇರೋ ಚಿಕ್ಕ ಯುಎಸ್‌ಬಿ ಕೀಪ್ಯಾಡು ಬರುತ್ತಲ್ಲ, ಅದನ್ನ ತಂದು ಪೈಗೆ ಚುಚ್ಚಿದೆ. ಒಂದು ನಲವತ್ತು ಸಾಲಿನ ಪೈಥಾನ್ ಬರೆದೆ. 47 ಒತ್ತಿ ಎಂಟರ್ ಹೊಡೆದರೆ 47 ನೇ ಕ್ಯಾಸೆಟ್ಟು ಶುರು. ಪ್ಲಸ್ ಒತ್ತಿದರೆ ಇನ್ನೊಂದು ಬದಿ. ಸೊನ್ನೆ ಒತ್ತಿದರೆ ಬಂದ್. ವಾಲ್ಯೂಮಿಗೆ ಸ್ಟೀರಿಯೋದ ಹಳೇ ತಿರುಗಣಿಯೇ ಇದೆ. ಪೈ ಬಿಟ್ಟರೆ ಖರ್ಚು ಎರಡೂವರೆ ಸಾವಿರದೊಳಗೆ.

ಊರಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತಲ್ಲ. ಪೈಗೆ ಅದು ದೊಡ್ಡ ಶತ್ರು. ಮೆಮೊರಿ ಕಾರ್ಡಿನ ಮೇಲೆ ಏನೋ ಬರೆಯುತ್ತಿರೋವಾಗ ಕರೆಂಟು ಹೋದರೆ ಕಾರ್ಡೇ ಕೆಡಬಹುದು. ಅದಕ್ಕೆ ಕಾರ್ಡನ್ನ ಬರೀ ಓದೋ ಹಾಗೆ ಬೀಗ ಹಾಕಿದೆ, ಬರೆಯೋದೆಲ್ಲ ರ‍್ಯಾಮಿನಲ್ಲಿ. ಎಷ್ಟು ಸಲ ಕರೆಂಟು ಹೋದರೂ ಅರ್ಧ ನಿಮಿಷದಲ್ಲಿ ಎದ್ದು ಕೂರುತ್ತೆ. ಬೀಗುತ್ತಾ ಅಪ್ಪನಿಗೆ ತೋರಿಸಿದೆ. ಕರೆಂಟು ತೆಗೆದೆ, ಹಾಕಿದೆ. ನೋಡಿದರು. "ಮತ್ತ ಮೊದಲಿಂದ ಶುರು ಆತಲ್ಲೋ. ಕ್ಯಾಸೆಟ್ಟು ಎಲ್ಲಿ ನಿಂತಿರತಿತ್ತೋ ಅಲ್ಲಿಂದನ ಹಾಡತಿತ್ತು" ಅಂದರು.

ಸೋತೆ :-( ಟೇಪಿನ ಸುರುಳಿಗೆ ತಾನು ಎಲ್ಲಿದ್ದೇನೆ ಅನ್ನೋದು ನೆನಪಿಡೋಕೆ ಯಾವ ಫೈಲೂ ಬೇಕಿರಲಿಲ್ಲ. ಎರಡು ದಿನ ಕೂತು, ಬೇರೆಯೇ ಒಂದು ಚಿಕ್ಕ ಪೆನ್‌ಡ್ರೈವಿಗೆ ನಿಮಿಷಕ್ಕೊಮ್ಮೆ ಜಾಗ ಬರೆದಿಡೋ ಹಾಗೆ ಮಾಡಿದೆ. ಆ ಪೆನ್‌ಡ್ರೈವು ಕೆಟ್ಟರೂ ಹೋಗೋದು ಆ ಜಾಗದ ಲೆಕ್ಕ ಮಾತ್ರ, ಹಾಡು ಉಳಿಯುತ್ತೆ.

ಈಗ ನೀವು ಕೇಳಬಹುದು, ಕೇಳಬೇಕು ಕೂಡ: "ಕಂಪನಿ ಮುಚ್ಚಿದರೆ ಡಬ್ಬಿ ಸಾಯುತ್ತೆ ಅಂತೀಯಲ್ಲ, ನೀನು ಮಾಡಿದ ಡಬ್ಬಿಗೆ ನೀನೇ ಕಂಪನಿ ಅಲ್ವೇನೋ?" ಹೌದು. ಈ ಪ್ರಶ್ನೆ ನನ್ನನ್ನ ಬಹಳ ಕಾಡಿತು. ಬ್ಲೂಟೂತಿನಲ್ಲಿ ಮಾಡಿದ ತಪ್ಪನ್ನೇ ಇನ್ನೊಂದು ರೂಪದಲ್ಲಿ ಮಾಡಿರಬಹುದು. ನನಗೆ ಪುರುಸೊತ್ತು ಇಲ್ಲದ ದಿನ, ನಾನು ಫೋನ್ ಎತ್ತದ ದಿನ, ಆ ಡಬ್ಬಿ ಕೆಟ್ಟರೆ ಮತ್ತೆ ಮನೆ ಮೂಕ. ದೊಡ್ಡ ಕಂಪನಿಗಾದರೂ ಸಾವಿರ ಜನ ಬೈಯುತ್ತಾರೆ, ಸರಿ ಮಾಡುತ್ತೆ. ನನ್ನನ್ನ ಅಪ್ಪ ಬೈಯೋದೂ ಇಲ್ಲ, ಅದು ನಮಗೆ ಗೊತ್ತೇ ಇದೆ.

ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. ಮಾಡಿದ್ದಿಷ್ಟು. ಅದೇ ಥರದ ಇನ್ನೊಂದು ಮೆಮೊರಿ ಕಾರ್ಡು ತಯಾರು ಮಾಡಿ ಸ್ಟೀರಿಯೋದ ಬೆನ್ನಿಗೆ ಟೇಪಿನಿಂದ ಅಂಟಿಸಿದ್ದೇನೆ. ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ, ಕನ್ನಡದಲ್ಲಿ, ಹತ್ತು ಸಾಲು ಬರೆದಿದ್ದೇನೆ. ಹಾಡು ಬರದಿದ್ದರೆ ಮೊದಲು ಏನು ನೋಡಬೇಕು, ಕಾರ್ಡು ಹೇಗೆ ಬದಲಿಸಬೇಕು, ಅದೂ ಆಗದಿದ್ದರೆ ಹಾಡಿರೋ ಪೆನ್‌ಡ್ರೈವನ್ನ ಕಿತ್ತು ಫ್ಲ್ಯಾಕ್ ಹಾಡಿಸೋ ಯಾವುದೇ ಟಿವಿಗೆ, ಕಂಪ್ಯೂಟರಿಗೆ ಹಾಕಬಹುದು. ಫೈಲಿನ ಹೆಸರುಗಳೂ ಬರೀ ನಂಬರು, 47-ಅ, 47-ಬ. ನನ್ನ ಪ್ರೋಗ್ರಾಂ ಇಲ್ಲದಿದ್ದರೂ, ನಾನು ಇಲ್ಲದಿದ್ದರೂ, ನೋಟ್‌ಬುಕ್ಕು ಒಂದಿದ್ದರೆ ಹಾಡು ಸಿಗಬೇಕು. ಅಷ್ಟರ ಮಟ್ಟಿಗೆ ನನ್ನನ್ನ ನಾನು ಬೇಡವಾಗಿಸಿಕೊಂಡಿದ್ದೇನೆ.

ಎಲ್ಲರೂ ಪೈ ತಂದು ಪೈಥಾನ್ ಬರೆಯಿರಿ ಅಂತ ಹೇಳೋದು ಮೂರ್ಖತನ. ಅಂಗಡಿ ಡಬ್ಬಿಯನ್ನೇ ತಗೊಳ್ಳಿ, ತಪ್ಪಿಲ್ಲ. ಆದರೆ ತಗೊಳ್ಳೋ ಮುಂಚೆ ಮೂರು ಪ್ರಶ್ನೆ ಕೇಳಿ. ಒಂದು, ಇಂಟರ್‌ನೆಟ್ಟು ಹೋದ ದಿನ ಇದು ಮನೆಯಲ್ಲಿರೋ ಹಾಡನ್ನ ಹಾಡುತ್ತಾ? ಎರಡು, ಮಾಡಿದ ಕಂಪನಿ ನಾಳೆ ಕೈ ತೊಳೆದುಕೊಂಡರೆ ಇದು ಹಾಡುತ್ತಾ? ಎಯುಎಕ್ಸ್ ತೂತು, ಡಿಎಲ್‌ಎನ್‌ಎ ಥರದ ಎಲ್ಲರಿಗೂ ತೆರೆದಿರೋ ದಾರಿ ಇದ್ದರೆ ಹಾಡುತ್ತೆ. ಮೂರು, ಮನೆಯ ಅತಿ ಹಿರಿಯರು, ನೀವು ಊರಲ್ಲಿಲ್ಲದಾಗ, ಕನ್ನಡಕ ಸಿಗದಿದ್ದಾಗ, ಇದನ್ನ ಶುರು ಮಾಡಬಹುದಾ? ಈ ಮೂರಕ್ಕೂ ಹೌದು ಅಂದ ಮೇಲೆ ಕಿಲೋಬಿಟ್ಟಿನ ಮಾತು. ನನ್ನ ಪ್ರಕಾರ ಮೂರನೆಯದಕ್ಕೆ ಇಲ್ಲ ಅಂದರೆ, ಎಷ್ಟೇ ಒಳ್ಳೆಯ ಸದ್ದಿದ್ದರೂ ಅದು ಮನೆಯ ಸ್ಟೀರಿಯೋ ಅಲ್ಲ, ನಿಮ್ಮ ಸ್ವಂತದ ದೊಡ್ಡ ಹೆಡ್‌ಫೋನು.

"ಎಲ್ಲರ ಹತ್ತಿರ ಫೋನಿದೆ, ಇಯರ್‌ಫೋನಿದೆ, ಅವರವರ ಹಾಡು ಅವರವರು ಕೇಳಲಿ, ಸ್ಟೀರಿಯೋ ಯಾಕೆ?" ಅಂತ ನನ್ನ ತಂಗಿ ಕೇಳುತ್ತಾಳೆ. ಅದಕ್ಕೊಂದು ಹಳೇ ಕತೆ. ಭೀಮಸೇನ ಜೋಶಿಯವರು ಗದಗಿನಲ್ಲಿ ಹುಡುಗನಾಗಿದ್ದಾಗ ಅಂಗಡಿಯೊಂದರಲ್ಲಿ ಹಾಡುತ್ತಿದ್ದ ಅಬ್ದುಲ್ ಕರೀಂ ಖಾನರ ತಟ್ಟೆ ಕೇಳಿ ನಿಂತುಬಿಟ್ಟರಂತೆ. ಆ ಥರ ಹಾಡಬೇಕು ಅಂತ 1933 ರಲ್ಲಿ, ಹನ್ನೊಂದು ವರ್ಷದವರಿದ್ದಾಗ, ಗುರುವನ್ನ ಹುಡುಕಿ ಮನೆ ಬಿಟ್ಟರು. ಆಗಿನ ತಟ್ಟೆಯ ಒಂದು ಬದಿಯಲ್ಲಿ ಇರುತ್ತಿದ್ದದ್ದು ಮೂರು ನಿಮಿಷದ ಸಂಗೀತ. ಆ ಅಂಗಡಿಯವರು ಇಯರ್‌ಫೋನು ಹಾಕಿಕೊಂಡು ಕೇಳಿದ್ದರೆ? ಹಾಡು ಕೋಣೆಯಲ್ಲಿ ಬಿದ್ದರೆ ಕೇಳಬೇಕು ಅಂದುಕೊಳ್ಳದವರ ಕಿವಿಗೂ ಬೀಳುತ್ತೆ. ನನಗೆ ರಾಗಗಳ ಗುರುತು ಹತ್ತಿದ್ದು ಹಾಗೇ, ಹೋಂವರ್ಕ್ ಮಾಡುತ್ತಾ, ಬೇಡ ಬೇಡ ಅನ್ನುತ್ತಾ.

ಇದನ್ನ ಕಾಕತಿಯಲ್ಲೇ ಕೂತು ಬರೆಯುತ್ತಿದ್ದೇನೆ, ಎರಡು ದಿನದ ರಜೆಗೆ ಬಂದಿದ್ದೇನೆ. ನಿನ್ನೆ ಸಂಜೆ ಅಪ್ಪ ಅಂಗಡಿಗೆ ಹೋಗಿದ್ದರು. ಅವ್ವ ಹಿಟ್ಟಿನ ಕೈಯನ್ನೇ ಸೆರಗಿಗೆ ಒರೆಸಿಕೊಂಡು ಬಂದು, ಒಂದು, ಎರಡು, ಎಂಟರ್ ಒತ್ತಿದಳು. 12 ನೇ ನಂಬರು. ಮನ್ಸೂರರು ಶುರು ಮಾಡಿದರು. ಅವ್ವ ಅಡುಗೆಮನೆಗೆ ಹೋಗದೆ ಅಲ್ಲೇ ನಿಂತಿದ್ದಳು. ಕುಕ್ಕರ್ ಎರಡು ಸಲ ಸೀಟಿ ಹೊಡೆಯಿತು, ಆಮೇಲೆ ಅವಳದೇ ದನಿ ಬಂತು.

"ಆಗ ನನ್ನ ದನಿ ಎಷ್ಟ ಜೋರ ಇತ್ತಲ್ಲೋ!" ಅಂತ ನಕ್ಕು ಒಳಗೆ ಹೋದಳು.

ನಾನು ತಂದ ಬ್ಲೂಟೂತ್ ಡಬ್ಬಿ ಇದ್ದಷ್ಟು ದಿನ ಅವ್ವ ಒಂದು ಸಲವೂ ಸ್ಟೀರಿಯೋ ಮುಟ್ಟಿರಲಿಲ್ಲ. ಅದು ನನಗೆ ನಿನ್ನೆ ಹೊಳೆಯಿತು.

ಗೆಳೆಯಾ, ಹೆಸರು ಕೇಳಿದ್ದೆ, ಹೇಳಲಿಲ್ಲ. ಮೊದಲು ನಿಮ್ಮ ಮನೆಯಲ್ಲಿ ಯಾರು ಹಾಡು ಹಚ್ಚುತ್ತಿದ್ದರು, ಹೇಗೆ ಹಚ್ಚುತ್ತಿದ್ದರು ಅಂತ ಕೇಳಿಕೊಂಡು ಬಾ. ಆಮೇಲೆ ಡಬ್ಬಿ ನೋಡೋಣ. ಉಳಿದವರೂ ಹೇಳಿ, ನಿಮ್ಮ ಮನೆಗಳಲ್ಲಿ ಹಳೇ ಕ್ಯಾಸೆಟ್ಟುಗಳು ಏನಾದವು? ಕುಕ್ಕರ್ ಸೀಟಿ ಇರೋವು ಇದ್ದರೆ ಇವತ್ತೇ ಇಳಿಸಿಡಿ, ಡೆಕ್ಕಿನ ಬೆಲ್ಟು ಯಾರಿಗೂ ಕಾಯೋದಿಲ್ಲ.

ಮತ್ತೆ ಸಿಗೋಣ. ಈ ಸಲ ಇಷ್ಟು ತಡ ಮಾಡಲ್ಲ :-)